ಆಳವಿಲ್ಲದ ನೀರಿನಲ್ಲಿ ಕಟಮರಾನ್: ಚುಕ್ಕಾಣಿ, ಸೆಂಟರ್‌ಬೋರ್ಡ್ ತೊಂದರೆ ಕೊಟ್ಟಾಗ ಎಲ್ಲಿಂದ ಹುಡುಕಬೇಕು

ಟಿಲ್ಲರ್ (ಚುಕ್ಕಾಣಿ ತಿರುಗಿಸುವ ಹಿಡಿಕೋಲು) ಕೈಗೆ ಭಾರವಾಯಿತು ಅಂದರೆ ಹಾಯಿ ಕಡೆ ನೋಡಬೇಡಿ. ಮೊದಲು ಹಿಂದೆ ತಿರುಗಿ ಚುಕ್ಕಾಣಿ ನೋಡಿ.

ಇದು ಗೊತ್ತಿಲ್ಲದೆ ನಾನೂ ನನ್ನ ಅಳಿಯನೂ ಒಂದು ಇಡೀ ಫೆಬ್ರವರಿ ಕಳೆದೆವು. ಮಧ್ಯಾಹ್ನದ ಕಡಲ ಗಾಳಿ ಬೀಸಿದ ಕೂಡಲೇ ನಮ್ಮ ಕಟಮರಾನ್, ಅಂದರೆ ಎರಡು ಒಡಲು ಪಕ್ಕಪಕ್ಕ ಜೋಡಿಸಿದ ಹಾಯಿದೋಣಿ, ಗಾಳಿ ಕಡೆಗೆ ಮೂತಿ ತಿರುಗಿಸುತ್ತಿತ್ತು. ಟಿಲ್ಲರ್ ಹಿಡಿದವನ ತೋಳು ಹತ್ತು ನಿಮಿಷಕ್ಕೆ ಸೋಲುತ್ತಿತ್ತು. ನಾವು ಹಾಯಿ ಕಟ್ಟುವ ಕಂಬವನ್ನು, ಅಂದರೆ ಮಾಸ್ಟ್ ಅನ್ನು, ಮುಂದಕ್ಕೆ ವಾಲಿಸಿದೆವು. ಸಾಲಲಿಲ್ಲ. ಇನ್ನೂ ವಾಲಿಸಿದೆವು. ಮುಂದಿನ ಸಣ್ಣ ಹಾಯಿ, ಜಿಬ್, ಬಿಗಿ ಮಾಡಿದೆವು. ದೋಣಿ ಅಡ್ಡ ಜಾರದಂತೆ ನೀರಿಗಿಳಿಸುವ ಸೆಂಟರ್‌ಬೋರ್ಡ್ ಎತ್ತಿದೆವು, ಇಳಿಸಿದೆವು. ಪ್ರತಿ ಭಾನುವಾರ ಒಂದೊಂದು ಬದಲಾವಣೆ. ಕೊನೆಗೆ ನಮ್ಮ ನೆರೆಯ ಮೀನುಗಾರರು, ನಾವು ಅಣ್ಣ ಅಂತಲೇ ಕರೆಯುವುದು, ದಡದಲ್ಲಿ ಬಲೆ ಹೆಣೆಯುತ್ತಾ ಕೂತಿದ್ದವರು ತಲೆ ಎತ್ತಿ ಹೇಳಿದರು: "ಎಡದ ಚುಕ್ಕಾಣಿಯ ಹಿಂದೆ ನೀರು ಬೇರೆಯೇ ನಮೂನೆ ಹಾರ್ತದೆ. ನೋಡಿದ್ದೀರಾ ನೀವು?"

ನೋಡಿರಲಿಲ್ಲ. ಎಡದ ಚುಕ್ಕಾಣಿಯನ್ನು ಕೆಳಗೆ ಹಿಡಿದಿಡುವ ಹಗ್ಗ ನೈಲಾನಿನದ್ದು. ಒದ್ದೆಯಾಗಿ ಹಿಗ್ಗಿತ್ತು. ಚುಕ್ಕಾಣಿಯ ಹಲಗೆ ತುದಿಯಲ್ಲಿ ನಾಲ್ಕೈದು ಬೆರಳಗಲ ಹಿಂದೆ ಹೋಗಿತ್ತು, ಅಷ್ಟೆ. ದಡದಲ್ಲಿ ನಿಂತಾಗ ಹಗ್ಗ ಬಿಗಿಯಾಗಿಯೇ ಕಾಣುತ್ತಿತ್ತು. ನೀರಿನ ಒತ್ತಡ ಬಿದ್ದಾಗ ಮಾತ್ರ ಹಿಗ್ಗುತ್ತಿತ್ತು.

ಆಮೇಲೆ ನಾನು ಒಂದು ಕ್ರಮ ಇಟ್ಟುಕೊಂಡಿದ್ದೇನೆ. ಹುಡುಕುವುದು ಹಿಂದಿನಿಂದ ಮುಂದಕ್ಕೆ. ಮೊದಲು ಚುಕ್ಕಾಣಿ, ಆಮೇಲೆ ಸೆಂಟರ್‌ಬೋರ್ಡ್, ಎಲ್ಲದರ ಕೊನೆಗೆ ಮಾಸ್ಟ್ ಮತ್ತು ಹಾಯಿ. ಒಂದು ಸಲಕ್ಕೆ ಒಂದೇ ಬದಲಾವಣೆ. ಆಳವಾದ ನೀರಿನಲ್ಲಿ ಈ ಕ್ರಮ ತಲೆಕೆಳಗಾದರೂ ನಡೆಯುತ್ತದೆ. ಆದರೆ ಮೊಣಕಾಲು ನೀರಿನಲ್ಲಿ ಓಡಿಸುವವರಿಗೆ ಹಾಯಿಗಿಂತ ಹತ್ತು ಪಟ್ಟು ತೊಂದರೆ ನೀರಿನ ಕೆಳಗಿನಿಂದ ಬರುತ್ತದೆ.

ನಮ್ಮ ನೀರು ಹೇಗಿದೆ

ನಾನು ಓಡಿಸುವುದು ಕುಂಬಳೆ, ಶಿರಿಯಾ, ಮೊಗ್ರಾಲ್ ಕಡೆಯ ಅಳಿವೆಗಳಲ್ಲಿ. ರಜೆ ಸಿಕ್ಕಿದರೆ ತೆಂಕಕ್ಕೆ, ವಲಿಯಪರಂಬದ ಹಿನ್ನೀರಿಗೆ. ಕಾಸರಗೋಡಿನ ಹೊಳೆಗಳೆಲ್ಲ ಗಿಡ್ಡ. ಮಳೆಗಾಲದಲ್ಲಿ ಕೆಂಪಾಗಿ ಧುಮ್ಮಿಕ್ಕಿ ಬಂದು ಮರಳು ತಂದು ಸುರಿಯುತ್ತವೆ. ಕಡಲು ಅದನ್ನು ವಾಪಸ್ ತಳ್ಳುತ್ತದೆ. ಹಾಗಾಗಿ ಅಳಿವೆಯ ಬಾಯಿಯಲ್ಲಿ ಮರಳ ದಿಬ್ಬ ಪ್ರತಿ ವರ್ಷ ಜಾಗ ಬದಲಿಸುತ್ತದೆ. ಕಳೆದ ಮೇ ತಿಂಗಳಲ್ಲಿ ಎದೆ ಮಟ್ಟ ನೀರಿದ್ದ ಕಡೆ ಈ ಅಕ್ಟೋಬರಿನಲ್ಲಿ ಮಕ್ಕಳು ಚೆಂಡಾಡಬಹುದು. ಹಳೆಯ ನೆನಪನ್ನು ನಂಬಿ ದೋಣಿ ಬಿಡಬೇಡಿ. ಮೊದಲ ದಿನ ಇಳಿತದ ಹೊತ್ತಿಗೆ ಹೋಗಿ, ದಿಬ್ಬ ಎಲ್ಲಿದೆ ಎಂದು ಕಣ್ಣಾರೆ ನೋಡಿಕೊಂಡು ಬನ್ನಿ.

ಉಬ್ಬರದಿಂದ ಇಳಿತಕ್ಕೆ ಸುಮಾರು 6 ಗಂಟೆ. ದಿನದಿಂದ ದಿನಕ್ಕೆ ಹೊತ್ತು ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನಲ್ಲಿ ಏರಿಳಿತ ಜಾಸ್ತಿ. ಈ ಆರು ಗಂಟೆಯಲ್ಲಿ ನೀರು ಒಂದೇ ಸಮನೆ ಇಳಿಯುವುದಿಲ್ಲ. ನಡುವಿನ ಎರಡು ಗಂಟೆಯಲ್ಲೇ ಸುಮಾರು ಅರ್ಧದಷ್ಟು ಇಳಿದುಬಿಡುತ್ತದೆ. ಒಂದು ಮೀಟರ್ ಇಳಿಯುವ ದಿನವಾದರೆ ಆ ಎರಡು ಗಂಟೆಯಲ್ಲಿ 50 ಸೆಂಟಿಮೀಟರ್ ಹೋಯಿತು. ಹಿನ್ನೀರಿನ ಒಳಗೆ ಇದು ತಡವಾಗಿ ತಲುಪುತ್ತದೆ, ಪ್ರಮಾಣವೂ ಕಡಿಮೆ. ದೋಷ ಹುಡುಕುವ ಓಟವನ್ನು ಯಾವಾಗಲೂ ನೀರು ಏರುವ ಹೊತ್ತಿಗೆ ಇಟ್ಟುಕೊಳ್ಳಿ. ಸಿಕ್ಕಿಬಿದ್ದರೂ ಅರ್ಧ ಗಂಟೆಯಲ್ಲಿ ನೀರೇ ಎತ್ತಿಕೊಡುತ್ತದೆ.

ನನ್ನ ದೋಣಿ 16 ಅಡಿಯದ್ದು. ಮೆರೈನ್ ಪ್ಲೈವುಡ್, ಮೇಲೆ ಫೈಬರ್ ಮತ್ತು ಎಪಾಕ್ಸಿ (ಒಣಗಿ ಗಟ್ಟಿಯಾಗುವ ರಾಳ). ಎರಡು ಹಲ್ (ತೇಲುವ ಒಡಲು), ಪ್ರತಿ ಹಲ್‌ನಲ್ಲಿ ತಿರುಗಿ ಮೇಲೆ ಬರುವ ಒಂದು ಸೆಂಟರ್‌ಬೋರ್ಡ್, ಹಿಂದೆ ಒಂದೊಂದು ಚುಕ್ಕಾಣಿ. ಎಲ್ಲ ಎತ್ತಿಟ್ಟರೆ 20 ಸೆಂಟಿಮೀಟರ್ ನೀರು ಸಾಕು. ಚುಕ್ಕಾಣಿ ಇಳಿಸಿದರೆ 60, ಬೋರ್ಡ್ ಪೂರ್ತಿ ಇಳಿಸಿದರೆ 80. ಬೋರ್ಡ್ ಚುಕ್ಕಾಣಿಗಿಂತ ಆಳ ಇರುವುದು ಬೇಕೆಂದೇ ಮಾಡಿದ್ದು. ನೆಲ ಮೊದಲು ಬೋರ್ಡಿಗೆ ತಾಗಿ 'ಟಕ್' ಎಂದು ಹೇಳುತ್ತದೆ. ಚುಕ್ಕಾಣಿಗೆ ತಾಗುವ ಮೊದಲು ಒಂದೆರಡು ಸೆಕೆಂಡ್ ಸಿಗುತ್ತದೆ. ನಿಮ್ಮ ದೋಣಿಯಲ್ಲಿ ಚುಕ್ಕಾಣಿಯೇ ಹೆಚ್ಚು ಆಳಕ್ಕೆ ಹೋಗುತ್ತಿದ್ದರೆ ಈ ಎಚ್ಚರಿಕೆ ಗಂಟೆ ನಿಮಗಿಲ್ಲ.

ಹಾಬಿ 16ರಂಥ ದೋಣಿಗೆ ಬೋರ್ಡೇ ಇಲ್ಲ. ಅದರ ಹಲ್‌ಗಳ ಆಕಾರವೇ ಬೋರ್ಡಿನ ಕೆಲಸ ಮಾಡುತ್ತದೆ. ಅಂಥದ್ದು ಇರುವವರು ಬೋರ್ಡಿನ ಭಾಗ ಬಿಟ್ಟು ಚುಕ್ಕಾಣಿಯದ್ದು ಮಾತ್ರ ಓದಿದರೆ ಸಾಕು.

ನೀರಿಗಿಳಿಸುವ ಮೊದಲು

ಅರ್ಧ ರೋಗ ದಡದಲ್ಲೇ ಸಿಗುತ್ತದೆ. ದೋಣಿಯನ್ನು ಎರಡು ತೆಂಗಿನ ಕೊರಡಿನ ಮೇಲೆ ಎತ್ತಿಡಿ. ಚುಕ್ಕಾಣಿ ಎರಡೂ ಪೂರ್ತಿ ಕೆಳಗೆ ಬರಬೇಕು.

ಮೇಸ್ತ್ರಿಯ ಹತ್ತಿರ ಇರುವ ತೂಗುಗುಂಡು ತನ್ನಿ. ಚುಕ್ಕಾಣಿ ತಿರುಗುವ ಎರಡು ಕೀಲುಗಳಿವೆಯಲ್ಲ, ಮೇಲಿನದು ಮತ್ತು ಕೆಳಗಿನದು, ಅವುಗಳ ನೇರಕ್ಕೆ ದಾರ ಹಿಡಿಯಿರಿ. ಕೀಲುಗಳ ಸಾಲು ನೆಟ್ಟಗಿಲ್ಲದಿದ್ದರೆ ಗುಂಡು ಬಿಟ್ಟು ಉದ್ದದ ಅಳತೆಪಟ್ಟಿ ಹಿಡಿಯಿರಿ. ಆ ಗೆರೆ ಹಲಗೆಯ ಮೇಲೆ ಎಲ್ಲಿ ಬೀಳುತ್ತದೆ ಎಂದು ಪೆನ್ಸಿಲ್‌ನಲ್ಲಿ ಗುರುತು ಹಾಕಿ. ನನ್ನ ಹಲಗೆ 20 ಸೆಂಟಿಮೀಟರ್ ಅಗಲ. ಗೆರೆ ಮುಂದಿನ ಅಂಚಿನಿಂದ 3 ಸೆಂಟಿಮೀಟರ್ ಹಿಂದೆ ಬೀಳುತ್ತದೆ. ನೀರಿನ ಒತ್ತಡ ಸುಮಾರಾಗಿ ಅಗಲದ ಕಾಲು ಭಾಗದಲ್ಲಿ, ಅಂದರೆ 5 ಸೆಂಟಿಮೀಟರ್ ಹತ್ತಿರ, ಬಂದು ಕೂರುತ್ತದೆ. ಕೀಲಿನ ಗೆರೆಗೂ ಒತ್ತಡಕ್ಕೂ ನಡುವೆ 2 ಸೆಂಟಿಮೀಟರ್. ಈ 2 ಸೆಂಟಿಮೀಟರ್ ಇದ್ದರೆ ಟಿಲ್ಲರ್‌ನಲ್ಲಿ ಹಿತವಾದ ಎಳೆತ ಇರುತ್ತದೆ, ಕೈ ಬಿಟ್ಟರೆ ತಾನೇ ನಡುವಿಗೆ ಬರುತ್ತದೆ. ಗೆರೆ ಒತ್ತಡಕ್ಕಿಂತ ಹಿಂದೆ ಬಿದ್ದರೆ, ಅಂದರೆ ಹಲಗೆ ಜಾಸ್ತಿ ಮುಂದೆ ಹೋಗಿದ್ದರೆ, ಚುಕ್ಕಾಣಿ ಒಮ್ಮೆ ತಿರುಗಿತೆಂದರೆ ತಾನೇ ಇನ್ನೂ ತಿರುಗಲು ನೋಡುತ್ತದೆ. ಅದು ಭಾರಕ್ಕಿಂತ ಅಪಾಯ.

ಆಮೇಲೆ ಎರಡು ಚುಕ್ಕಾಣಿ ಒಂದಕ್ಕೊಂದು ಸಮ ಇವೆಯೋ ನೋಡಿ. ಟಿಲ್ಲರ್ ನಡುವಿಗಿಟ್ಟು ಕಟ್ಟಿ. ಟೇಪ್ ಹಿಡಿದು ಎಡ ಹಲಗೆಯ ಮುಂದಿನ ಅಂಚಿನಿಂದ ಬಲ ಹಲಗೆಯ ಮುಂದಿನ ಅಂಚಿಗೆ ಅಳೆಯಿರಿ. ಅದೇ ಮಟ್ಟದಲ್ಲಿ ಹಿಂದಿನ ಅಂಚುಗಳ ನಡುವೆಯೂ ಅಳೆಯಿರಿ. ಎರಡೂ ಒಂದೇ ಇರಬೇಕು, ಇಲ್ಲವೇ ಮುಂದಿನದ್ದು 2-3 ಮಿಲಿಮೀಟರ್ ಕಡಿಮೆ ಇರಬಹುದು. ಒಂದು ಸೆಂಟಿಮೀಟರ್ ವ್ಯತ್ಯಾಸ ಇದ್ದರೆ ಎರಡು ಚುಕ್ಕಾಣಿಗಳು ಜಗಳವಾಡುತ್ತಾ ಬ್ರೇಕ್ ಹಾಕಿದ ಹಾಗೆ ಓಡುತ್ತೀರಿ. ಸರಿಪಡಿಸುವುದು ಎರಡನ್ನೂ ಸೇರಿಸುವ ಅಡ್ಡ ಕೋಲಿನ ಉದ್ದದಲ್ಲಿ. ಹಲಗೆಯನ್ನು ಬಗ್ಗಿಸಲು ಹೋಗಬೇಡಿ.

ಕೀಲಿನ ಸಡಿಲ ನೋಡುವುದು ಸುಲಭ. ಹಲಗೆಯ ತುದಿ ಹಿಡಿದು ಅತ್ತಿತ್ತ ಅಲ್ಲಾಡಿಸಿ. ಟಿಲ್ಲರ್ ಅಲ್ಲಾಡದೆ ತುದಿ ಬೆರಳಗಲಕ್ಕಿಂತ ಜಾಸ್ತಿ ಆಡಿದರೆ ಬೋಲ್ಟಿನ ತೂತು ತಿಂದುಹೋಗಿದೆ. ಹೊಸ ವಾಷರ್ ಹಾಕಿದರೆ ಒಂದು ಸೀಸನ್ ತಳ್ಳಬಹುದು. ಸರಿಯಾದ ದಾರಿ ತೂತನ್ನು ದೊಡ್ಡದು ಮಾಡಿ, ಎಪಾಕ್ಸಿ ತುಂಬಿ, ಮತ್ತೆ ಕೊರೆಯುವುದು. ಹೀಗೆ ಮಾಡಿದರೆ ಪ್ಲೈವುಡ್‌ಗೆ ನೀರೂ ಇಳಿಯುವುದಿಲ್ಲ.

ಟಿಲ್ಲರ್ ಭಾರ

ಇಲ್ಲಿ ಎರಡು ಬೇರೆ ಬೇರೆ ದೋಷಗಳು ಕೈಗೆ ಒಂದೇ ಥರ ತಿಳಿಯುತ್ತವೆ. ಅದಕ್ಕೇ ಎಲ್ಲರೂ ಮೋಸ ಹೋಗುವುದು.

ಮೊದಲನೆಯದು ತೂಕ ತಪ್ಪಿದ್ದು, ಅಂದರೆ ಗಾಳಿಯ ದೂಡಿಗೂ ನೀರಿನ ತಡೆಗೂ ಸಮತೋಲ ಇಲ್ಲದ್ದು. ತೇಲುವ ತೆಂಗಿನ ಮಡಲನ್ನು ನಡುವಿಗೆ ಬೆರಳಿಟ್ಟು ದೂಡಿ ನೋಡಿ, ಅಡ್ಡವಾಗಿಯೇ ಹೋಗುತ್ತದೆ. ತುದಿಯ ಹತ್ತಿರ ದೂಡಿದರೆ ತಿರುಗುತ್ತದೆ. ದೋಣಿಯೂ ಅಷ್ಟೆ. ಗಾಳಿ ಹಾಯಿಯನ್ನು ಒಂದು ಜಾಗದಲ್ಲಿ ದೂಡುತ್ತದೆ, ನೀರು ಬೋರ್ಡನ್ನು ಇನ್ನೊಂದು ಜಾಗದಲ್ಲಿ ತಡೆಯುತ್ತದೆ. ಹಾಯಿಯ ದೂಡು ಹಿಂದೆ, ನೀರಿನ ತಡೆ ಮುಂದೆ ಇದ್ದರೆ ಮೂತಿ ಗಾಳಿ ಕಡೆಗೆ ಹೋಗುತ್ತದೆ. ಅದನ್ನು ತಡೆಯಲು ನೀವು ಟಿಲ್ಲರ್ ಎಳೆದು ಹಿಡಿಯಬೇಕು.

ಎರಡನೆಯದು ಚುಕ್ಕಾಣಿ ಹಿಂದಕ್ಕೆ ಎದ್ದದ್ದು. ಇಲ್ಲಿ ದೋಣಿಯ ತೂಕ ಸರಿಯಾಗಿಯೇ ಇರುತ್ತದೆ. ಆದರೆ ಚುಕ್ಕಾಣಿ ತಿರುಗಿಸುವುದೇ ಕಷ್ಟ. ನನ್ನ ದೋಣಿಯ ಲೆಕ್ಕ ಹೇಳುತ್ತೇನೆ. ಹಲಗೆ ತಿರುಗಿ ಏಳುವ ಬೋಲ್ಟಿನಿಂದ ನೀರಿನ ಒತ್ತಡ 35 ಸೆಂಟಿಮೀಟರ್ ಕೆಳಗೆ. ಹಲಗೆ ಬರೀ 10 ಡಿಗ್ರಿ ಹಿಂದೆ ಎದ್ದರೆ ಒತ್ತಡ 6 ಸೆಂಟಿಮೀಟರ್ ಹಿಂದೆ ಸರಿಯುತ್ತದೆ. ಮೊದಲಿದ್ದ 2 ಸೇರಿ 8. ಅಂದರೆ ಕೈಗೆ ನಾಲ್ಕು ಪಟ್ಟು ಭಾರ. 45 ಡಿಗ್ರಿ ಎದ್ದರೆ ಹನ್ನೆರಡು ಪಟ್ಟು ದಾಟುತ್ತದೆ. ಮೇಲಾಗಿ ವೇಗ ಎರಡು ಪಟ್ಟಾದರೆ ನೀರಿನ ಒತ್ತಡ ನಾಲ್ಕು ಪಟ್ಟಾಗುತ್ತದೆ. ನಿಧಾನಕ್ಕೆ ಹೋಗುವಾಗ ಗೊತ್ತೇ ಆಗದ ದೋಷ ಗಾಳಿ ಜೋರಾದ ಕೂಡಲೇ ತೋಳು ಕೀಳುವುದು ಇದಕ್ಕೇ. ಈ ಒತ್ತಡವೆಲ್ಲ ಹೋಗಿ ಕೂರುವುದು ಹಲ್‌ನ ಹಿಂಬದಿಯ ಹಲಗೆಯ ನಾಲ್ಕು ಸ್ಕ್ರೂಗಳ ಮೇಲೆ. ಅವು ಕಿತ್ತು ಬಂದರೆ ಹಲ್‌ಗೆ ನೀರು.

ಇವೆರಡನ್ನು ಬೇರೆ ಮಾಡುವ ಪರೀಕ್ಷೆ ಐದು ಸೆಕೆಂಡಿನದ್ದು. ವೇಗ ಇರುವಾಗ ಎರಡೂ ಹಾಯಿಯ ಹಗ್ಗ ಒಟ್ಟಿಗೆ ಬಿಡಿ. ಹಾಯಿ ಪಟಪಟ ಹೊಡೆದುಕೊಳ್ಳಲಿ. ಕಟಮರಾನ್ ಹಗುರ, ಬೇಗ ನಿಲ್ಲುತ್ತದೆ. ನಿಲ್ಲುವ ಮೊದಲು ಟಿಲ್ಲರನ್ನು ಎರಡೂ ಕಡೆಗೆ ಸ್ವಲ್ಪ ತಿರುಗಿಸಿ. ಹಾಯಿಯ ಎಳೆತ ಇಲ್ಲದಿದ್ದರೂ ಎರಡೂ ಕಡೆಗೆ ಭಾರವಿದ್ದರೆ ಅದು ಚುಕ್ಕಾಣಿ. ಹಾಯಿ ಬಿಟ್ಟ ಕೂಡಲೇ ಹಗುರವಾದರೆ ಅದು ತೂಕದ ದೋಷ. ಗೊತ್ತಿರುವ ಮೋಟಾರು ದೋಣಿಯವರು ಹಗ್ಗ ಕಟ್ಟಿ ನಿಧಾನಕ್ಕೆ ಎಳೆದುಕೊಟ್ಟರೆ ಇನ್ನೂ ಚೆನ್ನಾಗಿ ತಿಳಿಯುತ್ತದೆ.

ಚುಕ್ಕಾಣಿ ಅಂತ ಗೊತ್ತಾದರೆ ಯಾವುದು ಅಂತ ನೋಡಬೇಕು. ಬಗ್ಗಿ ನೋಡಿ. ಸರಿಯಾಗಿ ಇಳಿದ ಹಲಗೆಯ ಹಿಂದೆ ನೀರು ತೆಳ್ಳಗೆ, ನೇರಕ್ಕೆ ಹೋಗುತ್ತದೆ. ಎದ್ದ ಹಲಗೆಯ ಹಿಂದೆ ನೀರು ಅಗಲವಾಗಿ ಮೇಲಕ್ಕೆ ಚಿಮ್ಮುತ್ತದೆ. ನಮ್ಮಣ್ಣ ದಡದಿಂದ ಕಂಡದ್ದು ಅದನ್ನೇ. ಟಿಲ್ಲರ್ ಹಿಡಿದವರಿಗೆ ಇದು ಬೆನ್ನ ಹಿಂದೆ ಇರುತ್ತದೆ. ಒಬ್ಬರು ದಡದಲ್ಲಿ ನಿಂತು ನೋಡಲಿ.

ತೂಕದ ದೋಷ ಎಂದಾದರೆ ಮಾಸ್ಟ್ ಮುಟ್ಟುವ ಮೊದಲು ಬೋರ್ಡ್ ಮುಟ್ಟಿ. ತಿರುಗಿ ಏಳುವ ಬೋರ್ಡಾದರೆ ಕಾಲು ಭಾಗ ಎತ್ತಿ. ತುದಿ ಹಿಂದಕ್ಕೆ ಹೋಗುತ್ತದೆ, ಅದರೊಟ್ಟಿಗೆ ನೀರಿನ ತಡೆಯೂ ಹಿಂದಕ್ಕೆ ಹೋಗುತ್ತದೆ. ಟಿಲ್ಲರ್ ಹಗುರವಾಗುತ್ತದೆ. ನೇರಕ್ಕೆ ಮೇಲೆ ಎಳೆಯುವ ಡ್ಯಾಗರ್‌ಬೋರ್ಡಿನಲ್ಲಿ ಈ ಗುಣ ಇಲ್ಲ. ಅದನ್ನು ಎತ್ತಿದರೆ ಹಿಡಿತ ಕಡಿಮೆಯಾಗಿ ದೋಣಿ ಅಡ್ಡ ಜಾರುತ್ತದೆ, ಅಷ್ಟೆ. ಆಳವಿಲ್ಲದ ನೀರಿಗೆ ತಿರುಗುವ ಬೋರ್ಡೇ ಒಳ್ಳೆಯದು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಡ್ಯಾಗರ್‌ಬೋರ್ಡ್ ನೆಲಕ್ಕೆ ತಾಗಿದರೆ ಹಿಂದೆ ಸರಿಯುವ ದಾರಿ ಅದಕ್ಕಿಲ್ಲ. ಹೊಡೆತ ಪೂರ್ತಿ ಹಲ್‌ಗೆ.

ಬೋರ್ಡ್ ಅರ್ಧಕ್ಕಿಂತ ಜಾಸ್ತಿ ಎತ್ತಿದರೆ ಉಲ್ಟಾ ದೋಷ ಬರುತ್ತದೆ. ಮೂತಿ ಗಾಳಿಯಿಂದ ದೂರ ಹೋಗಲು ನೋಡುತ್ತದೆ. ಇದು ಜಾಸ್ತಿ ಕೆಟ್ಟದ್ದು. ಟಿಲ್ಲರ್ ಕೈತಪ್ಪಿದರೆ ದೋಣಿ ಗಾಳಿಗೆ ಎದುರಾಗಿ ನಿಲ್ಲುವ ಬದಲು ಗಾಳಿಗೆ ಬೆನ್ನು ಕೊಟ್ಟು ಓಡುತ್ತದೆ. ಹಾಗಾಗಿ ಬೋರ್ಡ್ ಎತ್ತುವ ಹಗ್ಗದಲ್ಲಿ ಪೂರ್ತಿ, ಮುಕ್ಕಾಲು, ಅರ್ಧ ಎಂದು ಮೂರು ಕಡೆ ಬಣ್ಣದ ನೂಲು ಸುತ್ತಿಡಿ. ನೀರಿನಲ್ಲಿ ಅಂದಾಜು ಮಾಡುತ್ತಾ ಕೂರಲು ಹೊತ್ತಿರುವುದಿಲ್ಲ.

ಚುಕ್ಕಾಣಿ ತಾನಾಗಿ ಏಳುತ್ತದೆ, ಇಲ್ಲವೇ ಏಳಬೇಕಾದಾಗ ಏಳುವುದಿಲ್ಲ

ಕೆಳಗೆ ಹಿಡಿಯುವ ಹಗ್ಗ ನೈಲಾನ್ ಆಗಿದ್ದರೆ ಇವತ್ತೇ ತೆಗೆಯಿರಿ. ಪಾಲಿಯೆಸ್ಟರ್ ಪರವಾಗಿಲ್ಲ. ಡೈನೀಮಾ ಎಲ್ಲಕ್ಕಿಂತ ಕಡಿಮೆ ಹಿಗ್ಗುತ್ತದೆ, ತೆಳ್ಳಗಿನದು ಸಾಕು. ಕೆಲವರು ಸೈಕಲ್ ಟ್ಯೂಬ್ ರಬ್ಬರ್ ಕಟ್ಟುತ್ತಾರೆ. ನೆಲ ತಾಗಿದಾಗ ಏಳುತ್ತದೆ, ತಾನೇ ಇಳಿಯುತ್ತದೆ, ಸುಲಭ ಅಲ್ವಾ ಅನ್ನಿಸುತ್ತದೆ. ನಿಧಾನದ ಗಾಳಿಗೆ ಸರಿ. ಆದರೆ ವೇಗ ಏರಿದಾಗ ನೀರು ರಬ್ಬರನ್ನು ಎಳೆದು ಹಲಗೆಯನ್ನು ಎಬ್ಬಿಸುತ್ತದೆ. ಆಗ ಮೇಲೆ ಹೇಳಿದ ಭಾರದ ದೋಷ ಶುರು. ರಬ್ಬರ್ ಹಾಕುವುದಾದರೆ ಹಲಗೆಯನ್ನು ಮೇಲೆ ಎತ್ತುವ ಕಡೆಗೆ ಹಾಕಿ. ಕೆಳಗೆ ಹಿಡಿಯುವ ಕಡೆಗೆ ಬೇಡ.

ನಾನು ಹಗ್ಗದ ಕೊನೆಯಲ್ಲಿ ಮರದ ಪಿನ್ ಇಟ್ಟಿದ್ದೇನೆ. 6 ಮಿಲಿಮೀಟರ್ ದಪ್ಪದ ಬಿದಿರಿನ ಕಡ್ಡಿ. ಮರಳಿಗೆ ಬಡಿದರೆ ಪಿನ್ ಮುರಿದು ಹಲಗೆ ಏಳುತ್ತದೆ. ಹತ್ತು ಕಡ್ಡಿ ಕೆತ್ತಿ ಡಬ್ಬಿಯಲ್ಲಿಟ್ಟಿರುತ್ತೇನೆ. ಮುರಿಯುತ್ತದಲ್ಲ ಅಂತ ಬೇಜಾರಾಗಿ ಯಾರೂ ಸ್ಟೀಲ್ ಬೋಲ್ಟ್ ಹಾಕಬೇಡಿ. ಪಿನ್ ಮುರಿಯದಿದ್ದರೆ ಹಲ್ ಮುರಿಯುತ್ತದೆ. ಸ್ಪ್ರಿಂಗ್ ಮತ್ತು ಕ್ಯಾಮ್ ಇರುವ ಚುಕ್ಕಾಣಿಯಾದರೆ ಅದೇ ಕೆಲಸವನ್ನು ಸ್ಪ್ರಿಂಗ್ ಮಾಡುತ್ತದೆ. ಅಲ್ಲಿ ಬಿಗಿ ಮಾಡುವ ಸ್ಕ್ರೂ ಇರುತ್ತದೆ.

ಎಷ್ಟು ಬಿಗಿ ಇರಬೇಕು? ಅಡಿಕೆ ತೂಗುವ ಸ್ಪ್ರಿಂಗ್ ತಕ್ಕಡಿ ತನ್ನಿ. ಕೊಕ್ಕೆಯನ್ನು ಹಲಗೆಯ ತುದಿಗೆ ಹಗ್ಗದಲ್ಲಿ ಕಟ್ಟಿ ನೇರ ಹಿಂದಕ್ಕೆ ಎಳೆಯಿರಿ. ನನ್ನ ದೋಣಿಯಲ್ಲಿ ಮುಳ್ಳು 12 ಮತ್ತು 15 ಕಿಲೋ ನಡುವೆ ಇರುವಾಗ ಹಲಗೆ ಬಿಟ್ಟುಕೊಳ್ಳಬೇಕು. ನಿಮ್ಮದಕ್ಕೆ ಬೇರೆ ಇರಬಹುದು. ಮುಖ್ಯ ಎರಡೂ ಚುಕ್ಕಾಣಿ ಹೆಚ್ಚುಕಡಿಮೆ ಒಂದೇ ತೂಕಕ್ಕೆ ಬಿಡುವುದು. ಒಂದು ಎದ್ದು ಇನ್ನೊಂದು ಕಚ್ಚಿ ನಿಂತರೆ ದೋಣಿ ಗಿರಕಿ ಹೊಡೆಯುತ್ತದೆ.

ಹಗ್ಗ ಬಿಟ್ಟರೂ ಹಲಗೆ ಏಳದಿದ್ದರೆ ನಡುವಿನ ಬೋಲ್ಟ್ ಬಿಚ್ಚಿ. ಹತ್ತಕ್ಕೆ ಎಂಟು ಸಲ ಮರಳು. ಅದೂ ದಪ್ಪ ಮರಳಲ್ಲ, ಅಳಿವೆಯ ಒಳಗಿನ ಹಿಟ್ಟಿನಂಥ ಕಪ್ಪು ಹೂಳು. ವಾಷರ್‌ಗೆ ಅಂಟಿ ಗಂಜಿಯ ಹಾಗೆ ಒಣಗಿರುತ್ತದೆ. ಗ್ರೀಸ್ ಹಚ್ಚಬೇಡಿ, ಮರಳನ್ನು ಇನ್ನೂ ಹಿಡಿಯುತ್ತದೆ. ತೊಳೆದು, ಗಟ್ಟಿ ಪ್ಲಾಸ್ಟಿಕ್ ಡಬ್ಬದಿಂದ ಕತ್ತರಿಸಿದ ವಾಷರ್ ಎರಡೂ ಬದಿಗೆ ಹಾಕಿ, ಮೇಣದಬತ್ತಿ ತಿಕ್ಕಿ. ತಾನಾಗಿ ಸಡಿಲವಾಗದ ನೈಲಾಕ್ ನಟ್ಟನ್ನು ಹಲಗೆ ತನ್ನ ತೂಕಕ್ಕೇ ನಿಧಾನವಾಗಿ ಬೀಳುವಷ್ಟು ಮಾತ್ರ ಬಿಗಿ ಮಾಡಿ.

ಇನ್ನೊಂದು ಮಾತು, ದಯವಿಟ್ಟು ಮರೆಯಬೇಡಿ. ಈ ಏರ್ಪಾಡೆಲ್ಲ ದೋಣಿ ಮುಂದೆ ಹೋಗುವಾಗ ಮಾತ್ರ ಕಾಪಾಡುತ್ತದೆ. ಗಾಳಿಗೆ ಎದುರು ನಿಂತು ದೋಣಿ ಹಿಂದಕ್ಕೆ ಜಾರಿದರೆ ಚುಕ್ಕಾಣಿ ಮರಳಿಗೆ ಊರುಗೋಲಿನಂತೆ ಊರುತ್ತದೆ. ಮುಂದಕ್ಕೆ ಮಡಚಲು ಅದಕ್ಕೆ ದಾರಿಯಿಲ್ಲ. ಮೂರು ಅಡಿಗಿಂತ ಕಡಿಮೆ ನೀರಿನಲ್ಲಿ ಹಿಂದಕ್ಕೆ ಜಾರುವ ಸೂಚನೆ ಸಿಕ್ಕಿದರೆ ತಕ್ಷಣ ಎರಡೂ ಎತ್ತಿ, ಹುಟ್ಟು ಹಾಕಿ, ಇಲ್ಲವೇ ಇಳಿದು ನಿಲ್ಲಿ.

ಬೋರ್ಡ್ ಸಿಕ್ಕಿಹಾಕಿಕೊಂಡಿತು

ದಡದಿಂದ ದೋಣಿ ದೂಡಿ ಹತ್ತಿ ಕೂತು ಹಗ್ಗ ಬಿಟ್ಟರೆ ಬೋರ್ಡ್ ಇಳಿಯುವುದೇ ಇಲ್ಲ. ನಮ್ಮ ಕಡೆ ಇದು ವಾರಕ್ಕೊಮ್ಮೆಯ ಕಥೆ. ದೋಣಿ ಮರಳಿನ ಮೇಲೆ ಕೂತಿರುವಾಗ ಅಲೆ ಬಡಿದು ಬಡಿದು ಬೋರ್ಡಿನ ಗೂಡಿಗೆ ಮರಳು ತುಂಬಿಸಿರುತ್ತದೆ. ಅದರ ನಡುವೆ ಒಂದು ಮರುವಾಯಿ ಚಿಪ್ಪು ಸೇರಿಕೊಂಡರೆ ಮುಗಿಯಿತು. ಚಿಪ್ಪಿನ ಬೆನ್ನು ಉಬ್ಬು. ಬೋರ್ಡ್ ಎಳೆದಷ್ಟೂ ಆಪು ಹೊಡೆದ ಹಾಗೆ ಬಿಗಿಯಾಗುತ್ತದೆ.

ಆಗ ಎಳೆದಾಡಬೇಡಿ. ಮೊದಲು ಹಾಯಿ ಸಡಿಲ ಬಿಡಿ. ದೋಣಿ ಅಡ್ಡ ಜಾರುತ್ತಿರುವಾಗ ನೀರು ಬೋರ್ಡನ್ನು ಗೂಡಿನ ಒಂದು ಗೋಡೆಗೆ ಒತ್ತಿ ಹಿಡಿಯುತ್ತದೆ. ಎಷ್ಟೋ ಸಲ 'ಸಿಕ್ಕಿಹಾಕಿಕೊಂಡ' ಬೋರ್ಡ್ ಬರೀ ಈ ಒತ್ತಡದಲ್ಲಿರುತ್ತದೆ. ಗಾಳಿಗೆ ಎದುರು ತಿರುಗಿದರೆ ತಾನೇ ಬಿಡುತ್ತದೆ. ಅದರಲ್ಲೂ ಬಿಡದಿದ್ದರೆ ಮೇಲಿನಿಂದ ಅಡಿಕೆ ಮರದ ತೆಳು ಸಲಕೆಯನ್ನು ಬೋರ್ಡಿನ ಪಕ್ಕದ ಸಂದಿಗೆ ಇಳಿಸಿ. ಮುಂದೆ ಒಂದು ಸಲ, ಹಿಂದೆ ಒಂದು ಸಲ. ಚಿಪ್ಪು ತಾಗಿದರೆ ಕರ್ ಎಂದು ಕೈಗೆ ಗೊತ್ತಾಗುತ್ತದೆ. ಸಲಕೆಯಿಂದ ಕೆಳಗೆ ದೂಡಿ, ಮೇಲಕ್ಕೆ ಮೀಟಬೇಡಿ. ಕಬ್ಬಿಣದ ಸರಳು ಬೇಡವೇ ಬೇಡ. ಒಳಗಿನ ಎಪಾಕ್ಸಿ ಒಮ್ಮೆ ಗೀರಿತೆಂದರೆ ಅಲ್ಲಿಂದ ಪ್ಲೈವುಡ್ ನೀರು ಕುಡಿಯುತ್ತದೆ. ಆಮೇಲೆ ಗೂಡೇ ಉಬ್ಬಿ ಬೋರ್ಡ್ ಶಾಶ್ವತವಾಗಿ ಬಿಗಿಯಾಗುತ್ತದೆ.

ಉಬ್ಬಿದ್ದು ಮರವೋ, ಸಿಕ್ಕಿದ್ದು ಮರಳೋ? ಮನೆಯಲ್ಲಿ ತೊಳೆದು ಎರಡು ದಿನ ನೆರಳಿನಲ್ಲಿಡಿ. ಸರಾಗವಾದರೆ ಮರಳಿತ್ತು. ಮೊದಲು ಬಿಗಿ, ಒಣಗಿದಂತೆ ವಾರಕ್ಕೆ ಸ್ವಲ್ಪ ಸಡಿಲ ಎಂದಾದರೆ ಮರ ನೀರು ಕುಡಿದಿದೆ. ಬೋರ್ಡ್ ಹೊರತೆಗೆದು, ಅಂಚುಗಳನ್ನು ಉಜ್ಜಿ, ಪೂರ್ತಿ ಒಣಗಿಸಿ, ಎಪಾಕ್ಸಿ ಕೊಡಿ. ಒಣಗದ ಮರದ ಮೇಲೆ ಹಚ್ಚಿದರೆ ಆರು ತಿಂಗಳಲ್ಲಿ ಸಿಪ್ಪೆ ಏಳುತ್ತದೆ.

ಬೋರ್ಡಿಗೂ ಗೂಡಿಗೂ ನಡುವೆ ನಾನು ಪ್ರತಿ ಬದಿಗೆ 3 ಮಿಲಿಮೀಟರ್ ಬಿಟ್ಟಿದ್ದೇನೆ. ಕಡಿಮೆ ಬಿಟ್ಟರೆ ಮರಳು ಕಚ್ಚುತ್ತದೆ. ಜಾಸ್ತಿ ಬಿಟ್ಟರೆ ಬೋರ್ಡ್ ಟಕಟಕ ಬಡಿಯುತ್ತದೆ, ಸಂದಿಯಲ್ಲಿ ನೀರು ಸುಳಿದು ವೇಗ ತಿನ್ನುತ್ತದೆ. ಗೂಡಿನ ಕೆಳಬಾಯಿಗೆ ಎರಡೂ ಕಡೆಯಿಂದ ರಬ್ಬರ್ ಪಟ್ಟಿ ಅಂಟಿಸಿದರೆ ಎರಡಕ್ಕೂ ಮದ್ದು. ಚಪ್ಪಲಿ ಅಂಟಿಸುವ ಗೋಂದು ಒಂದು ಮಳೆಗಾಲ ತಾಳುವುದಿಲ್ಲ. ಸಣ್ಣ ಸ್ಕ್ರೂ ಮತ್ತು ಪ್ಲಾಸ್ಟಿಕ್ ಪಟ್ಟಿಯಿಂದ ಒತ್ತಿ ಹಿಡಿಸಿ.

ದಡಕ್ಕೆ ತಂದಾಗ ದೋಣಿಯನ್ನು ಅಲೆಗೆ ನೇರ ಮೂತಿ ಕೊಟ್ಟು ಬಿಡುವ ಬದಲು ಅಲೆ ತಾಗದಷ್ಟು ಮೇಲೆ ಎಳೆದರೆ ಈ ಇಡೀ ಅಧ್ಯಾಯವೇ ಬೇಕಾಗುವುದಿಲ್ಲ.

ದೋಣಿ ತಿರುಗುವುದಿಲ್ಲ

ಗಾಳಿಗೆ ಎದುರಾಗಿ ಮಗ್ಗುಲು ಬದಲಿಸಲು ಹೋದಾಗ ನಡುವೆ ನಿಂತುಬಿಡುವುದು. ಎಲ್ಲ ಕಟಮರಾನಿಗೂ ಇದರ ಚಾಳಿ ಸ್ವಲ್ಪ ಇದ್ದದ್ದೇ. ಹಗುರ ಇರುವುದರಿಂದ ಓಟದ ಬಲ ಬೇಗ ಸಾಯುತ್ತದೆ. ಆಳವಿಲ್ಲದ ನೀರಿನಲ್ಲಿ ಬೋರ್ಡ್ ಎತ್ತಿಟ್ಟಿದ್ದರೆ ಹಿಡಿತವೂ ಇಲ್ಲ. ಮೂತಿ ತಿರುಗುವ ಬದಲು ಇಡೀ ದೋಣಿ ಅಡ್ಡ ಜಾರುತ್ತದೆ.

ಹಾಗಾಗಿ ತಿರುಗುವ ಜಾಗವನ್ನು ಮೊದಲೇ ಆರಿಸಿ. ದಡ ಸಿಕ್ಕಿದ ಮೇಲೆ ತಿರುಗಲು ನೋಡುವುದಲ್ಲ, ಹೊಳೆಯ ಆಳದ ಜಾಡು ದಾಟುವಾಗಲೇ ತಿರುಗಬೇಕು. ಬೋರ್ಡ್ ಅರ್ಧಕ್ಕಾದರೂ ಇಳಿಸಿ, ಚುಕ್ಕಾಣಿ ಎರಡೂ ಪೂರ್ತಿ. ಟಿಲ್ಲರನ್ನು ನಿಧಾನಕ್ಕೆ ದೂಡಿ. ಒಮ್ಮೆಲೇ ದೂಡಿದರೆ ಚುಕ್ಕಾಣಿ ಬ್ರೇಕ್ ಆಗುತ್ತದೆ. ಜಿಬ್ ಹಗ್ಗವನ್ನು ಬೇಗ ಬಿಡಬೇಡಿ. ಮೂತಿ ಗಾಳಿಯ ನೇರ ದಾಟಿ ಜಿಬ್ ಹಿಂದಿನಿಂದ ಉಬ್ಬಿ ಮೂತಿಯನ್ನು ದೂಡಿದ ಮೇಲೆ ಬಿಡಿ. ಇಷ್ಟು ಮಾಡಿಯೂ ನಿಂತರೆ, ಮತ್ತೆ ಚುಕ್ಕಾಣಿ ಪರೀಕ್ಷೆಗೆ ಹೋಗಿ. ಒಂದು ಹಲಗೆ ಎದ್ದಿರುವ ದೋಣಿ ಒಂದು ಕಡೆಗೆ ಚೆನ್ನಾಗಿ ತಿರುಗಿ ಇನ್ನೊಂದು ಕಡೆಗೆ ನಿಲ್ಲುತ್ತದೆ. ಈ ಒಂದು ಲಕ್ಷಣ ಸಿಕ್ಕಿದರೆ ಬೇರೆ ಏನೂ ಹುಡುಕಬೇಕಾಗಿಲ್ಲ.

ಎದೆ ಮಟ್ಟವೂ ನೀರಿಲ್ಲದ ಕಡೆ ನಾನು ಈ ಹಟ ಬಿಟ್ಟಿದ್ದೇನೆ. ಗಾಳಿಗೆ ಬೆನ್ನು ಕೊಟ್ಟು ಸುತ್ತಿ ಬರುತ್ತೇನೆ. ಜಾಗ ಜಾಸ್ತಿ ಬೇಕು, ಆದರೆ ಹಿಂದಕ್ಕೆ ಜಾರುವ ಭಯ ಇಲ್ಲ.

ಗುಂಯ್ ಎನ್ನುವ ಶಬ್ದ

ಒಂದು ವೇಗ ದಾಟಿದ ಮೇಲೆ ಟಿಲ್ಲರ್ ಜುಮ್ ಅನ್ನುತ್ತದೆ, ಹಲ್ ಹಾಡುತ್ತದೆ. ಹಲಗೆಯ ಹಿಂದಿನ ಅಂಚು ದುಂಡಗೆ ಇದ್ದರೆ ಹೀಗಾಗುತ್ತದೆ. ನೀರು ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಸುಳಿದು ಹಲಗೆಯನ್ನು ನಡುಗಿಸುತ್ತದೆ. ಅಂಚನ್ನು ಉಜ್ಜಿ ಚೌಕ ಮಾಡಿ, ಇಲ್ಲವೇ ಒಂದು ಬದಿಗೆ ಓರೆಯಾಗಿ ಕೆತ್ತಿ. ಸಣ್ಣ ಕೆಲಸ. ಅದಾದ ಮೇಲೂ ಹಾಡಿದರೆ ಕೀಲು ಸಡಿಲವಾಗಿದೆ.

ದೋಷವೇ ಅಲ್ಲದ ದೋಷ

ಇದನ್ನು ಬರೆಯದಿದ್ದರೆ ಯಾರಾದರೂ ಒಳ್ಳೆಯ ಚುಕ್ಕಾಣಿಯನ್ನು ಬಿಚ್ಚಿ ಕೂರುತ್ತಾರೆ.

ಒಳ್ಳೆ ಗಾಳಿ ಇದೆ. ಚುಕ್ಕಾಣಿ ಸರಿ, ಬೋರ್ಡ್ ಸರಿ. ಆದರೂ ದಿಬ್ಬದ ಹತ್ತಿರ ಬಂದ ಕೂಡಲೇ ಯಾರೋ ಹಿಂದಿನಿಂದ ಹಿಡಿದು ಎಳೆದ ಹಾಗೆ ದೋಣಿ ನಿಧಾನವಾಗುತ್ತದೆ. ಹಿಂಭಾಗ ಕುಳಿತುಬಿಡುತ್ತದೆ. ಹಿಂದೆ ಕಡಿದಾದ ಅಲೆ ಏಳುತ್ತದೆ. ಚುಕ್ಕಾಣಿಗೆ ಬಲೆಯ ತುಂಡು ಸಿಕ್ಕಿತು ಅಂದುಕೊಂಡು ನಾನು ಎಷ್ಟೋ ಸಲ ಎತ್ತಿ ನೋಡಿದ್ದೇನೆ. ಏನೂ ಇರುವುದಿಲ್ಲ.

ಕಾರಣ ನೀರಿನ ಆಳ. ಆಳವಿಲ್ಲದ ನೀರಿನಲ್ಲಿ ಅಲೆಗೂ ಒಂದು ವೇಗದ ಮಿತಿ ಇದೆ, ಅದು ಆಳದ ಮೇಲೆ ನಿಂತಿದೆ. ಒಂದು ಮೀಟರ್ ನೀರಿನಲ್ಲಿ ಸೆಕೆಂಡಿಗೆ ಸುಮಾರು 3.1 ಮೀಟರ್, ಅಂದರೆ ಗಂಟೆಗೆ 11 ಕಿಲೋಮೀಟರ್. ಅರ್ಧ ಮೀಟರ್ ನೀರಿನಲ್ಲಿ ಸುಮಾರು 8 ಕಿಲೋಮೀಟರ್. ದೋಣಿ ಆ ವೇಗದ ಹತ್ತಿರ ಬಂದಾಗ ತಾನು ಎಬ್ಬಿಸಿದ ಅಲೆಯಿಂದ ತಪ್ಪಿಸಿಕೊಳ್ಳಲಾಗದೆ ಅದನ್ನೇ ಎಳೆದುಕೊಂಡು ಹೋಗಬೇಕಾಗುತ್ತದೆ. ಸಪೂರ ಹಲ್‌ನ ಕಟಮರಾನಿಗೆ ಈ ಕಾಟ ಅಗಲ ದೋಣಿಗಿಂತ ಕಡಿಮೆ. ಆದರೂ ಇದೆ, ಅದರಲ್ಲೂ ಇಬ್ಬರು ಹಿಂದೆ ಕೂತಿದ್ದರೆ. ಒಬ್ಬರು ಮುಂದೆ ಸರಿಯಿರಿ. ಹಿಂಭಾಗ ಏಳುತ್ತದೆ, ಅರ್ಧ ತೊಂದರೆ ಹೋಗುತ್ತದೆ. ಉಳಿದ ಅರ್ಧ ಆಳ ಸಿಕ್ಕಿದ ಮೇಲೆ ಹೋಗುತ್ತದೆ.

ಈ ಎಳೆತ ನನಗೆ ಈಗ ಉಪಕಾರಿ. ಸಂಜೆ ಬಿಸಿಲು ಕಣ್ಣಿಗೆ ಹೊಡೆಯುವಾಗ ದಿಬ್ಬ ಕಾಣುವುದಿಲ್ಲ. ದೋಣಿ ಹಿಂದಿನಿಂದ ಹಿಡಿದಂತಾದರೆ ಕೈ ತಾನಾಗಿ ಬೋರ್ಡಿನ ಹಗ್ಗಕ್ಕೆ ಹೋಗುತ್ತದೆ. 'ಟಕ್' ಎನ್ನುವ ಮೊದಲೇ ಬೋರ್ಡ್ ಮುಕ್ಕಾಲಿಗೆ ಬಂದಿರುತ್ತದೆ.

ಕೊನೆಯದಾಗಿ, ಹಿನ್ನೀರಿನಲ್ಲಿ ಕಣ್ಣನ್ನು ಪೂರ್ತಿ ನೀರಿಗೆ ಕೊಡಬೇಡಿ. ದ್ವೀಪಗಳಿಗೆ ಹೊಳೆ ದಾಟಿ ಹೋಗುವ ವಿದ್ಯುತ್ ತಂತಿಗಳಿವೆ. ನಮ್ಮ ಮಾಸ್ಟ್ ಅಲ್ಯುಮಿನಿಯಂ. ಉಬ್ಬರದಲ್ಲಿ ದೋಣಿಯೊಟ್ಟಿಗೆ ಮಾಸ್ಟ್ ತುದಿಯೂ ಏರುತ್ತದೆ. ಬೆಳಿಗ್ಗೆ ಆರಾಮಾಗಿ ದಾಟಿದ ತಂತಿಯ ಕೆಳಗೆ ಮಧ್ಯಾಹ್ನ ಅಷ್ಟೇ ಜಾಗ ಇರುವುದಿಲ್ಲ. ತಂತಿ ಕಂಡಲ್ಲಿ ಮಾಸ್ಟ್ ಇಳಿಸಿ, ಬಿದಿರ ಗಳದಲ್ಲಿ ಊರಿಕೊಂಡು ದಾಟಿ.